ಭೂಶಾಖ ಪಂಪ್

ನೆಲದೊಳಗೆ ಕಡಿಮೆ ತಾಪಮಾನದಲ್ಲಿರುವ ಶಾಖವನ್ನು ಹೀರಿಕೊಂಡು, ವಿದ್ಯುತ್ತಿನ ನೆರವಿನಿಂದ ಅದರ ತಾಪಮಾನವನ್ನು ಏರಿಸಿ, ಕಟ್ಟಡವನ್ನು ಬೆಚ್ಚಗಿಡುವುದಕ್ಕೂ ನೀರು ಕಾಯಿಸುವುದಕ್ಕೂ ಒದಗಿಸುವ ಯಂತ್ರ ವ್ಯವಸ್ಥೆಗೆ ಭೂಶಾಖ ಪಂಪ್ ಎಂದು ಹೆಸರು. ನೆಲದಲ್ಲಿ ಹೂತ ಕೊಳವೆಗಳು, ಮನೆಯೊಳಗಿನ ಪಂಪ್ ಯಂತ್ರ ಮತ್ತು ಶಾಖವನ್ನು ಕೋಣೆಗಳಿಗೆ ಹಂಚುವ ಕೊಳವೆ ಜಾಲ ಇದರ ಮೂರು ಅಂಗಗಳು. ಚಳಿಗಾಲ ದೀರ್ಘವಾಗಿರುವ ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿ, ಉತ್ತರ ಅಮೆರಿಕ ಮತ್ತು ಚೀನಾದಲ್ಲಿ ಇದರ ಬಳಕೆ ಹೆಚ್ಚು.

ಬಿಸಿನೀರಿನ ಬುಗ್ಗೆಗಳಿಂದ ನೇರವಾಗಿ ಶಾಖ ಪಡೆಯುವ ಭೂಗರ್ಭ ಶಾಖ ಯೋಜನೆಗಳೂ ಭೂಶಾಖ ಪಂಪೂ ಬೇರೆ ಬೇರೆ. ಐಸ್‌ಲೆಂಡಿನ ರಾಜಧಾನಿ ರೇಕ್ಯವಿಕ್‌ನಲ್ಲಿ ನೆಲದೊಳಗಿನ ಬಿಸಿನೀರೇ ಕೊಳವೆಗಳಲ್ಲಿ ಹರಿದು ಮನೆಗಳನ್ನು ತಲುಪುತ್ತದೆ. ಭೂಶಾಖ ಪಂಪಿಗೆ ಅಂಥ ಬಿಸಿ ನೆಲ ಬೇಕಿಲ್ಲ. ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿರುವ, 5 ಡಿಗ್ರಿ ಸೆಲ್ಸಿಯಸ್‌ನ ಬಂಡೆಯೂ ಅದಕ್ಕೆ ಸಾಕು.

ಪರಿಭಾಷೆ

ಈ ಲೇಖನದಲ್ಲಿ ನೆಲದಲ್ಲಿ ಹೂತ ಕೊಳವೆಗಳ ಸುತ್ತನ್ನು ಭೂಸುರುಳಿ ಎಂದೂ, ಕೊಳವೆ ಇಳಿಸುವುದಕ್ಕಾಗಿ ನೇರ ಆಳಕ್ಕೆ ಕೊರೆದ ರಂಧ್ರವನ್ನು ಶಾಖಬಾವಿ ಎಂದೂ ಕರೆಯಲಾಗಿದೆ. ಭೂಸುರುಳಿಯಲ್ಲಿ ಸುತ್ತುವ, ಹೆಪ್ಪುಗಟ್ಟದ ದ್ರವ ಶಾಖವಾಹಕ. ಯಂತ್ರದೊಳಗೆ ಆವಿಯಾಗಿ ಮತ್ತೆ ದ್ರವವಾಗುವ ವಸ್ತು ಶೀತಕ. ಯಂತ್ರ ಕೊಟ್ಟ ಶಾಖವನ್ನು ಅದು ಬಳಸಿದ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಸಂಖ್ಯೆ ಕಾರ್ಯಗುಣಾಂಕ. ಒಂದು ಗಳಿಗೆಯ ಅಳತೆಯ ಬದಲು ಇಡೀ ವರ್ಷದ ಲೆಕ್ಕ ತೆಗೆದರೆ ಅದು ವಾರ್ಷಿಕ ಕಾರ್ಯಗುಣಾಂಕ.

ಶಾಖದ ಮೂಲ

ನೆಲದ ಮೇಲ್ಪದರದಲ್ಲಿರುವ ಶಾಖದ ಬಹುಪಾಲು ಸೂರ್ಯನದು. ಬೇಸಿಗೆಯ ಬಿಸಿಲೂ ಮಳೆನೀರೂ ಮಣ್ಣಿಗೆ ಇಳಿಸಿದ ಶಾಖ ಅಲ್ಲಿ ಸಂಗ್ರಹವಾಗುತ್ತದೆ. ಭೂಮಿಯ ಒಡಲಿನಿಂದ ಮೇಲಕ್ಕೆ ಹರಿಯುವ ಶಾಖ ಬಹಳ ಕಡಿಮೆ. ಚದರ ಮೀಟರಿಗೆ ಒಂದು ವಾಟ್‌ನ ಹತ್ತನೇ ಒಂದು ಪಾಲೂ ಸಾಮಾನ್ಯವಾಗಿ ಇರುವುದಿಲ್ಲ.

ಆಳಕ್ಕೆ ಹೋದಂತೆ ಋತುಗಳ ಏರಿಳಿತ ತಗ್ಗುತ್ತದೆ. ಸುಮಾರು 10ರಿಂದ 15 ಮೀಟರ್ ಕೆಳಗೆ ತಾಪಮಾನ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಮತ್ತು ಅದು ಆ ಊರಿನ ಗಾಳಿಯ ವಾರ್ಷಿಕ ಸರಾಸರಿ ತಾಪಮಾನಕ್ಕೆ ಹತ್ತಿರವಿರುತ್ತದೆ. ದಕ್ಷಿಣ ಸ್ವೀಡನ್ನಿನಲ್ಲಿ ಇದು 8 ಡಿಗ್ರಿಯ ಆಸುಪಾಸು. ಅದೇ ದೇಶದ ಉತ್ತರದ ತುದಿಯಲ್ಲಿ ಎರಡು ಮೂರು ಡಿಗ್ರಿಗೆ ಇಳಿಯುತ್ತದೆ. ಬೆಂಗಳೂರಿನಂಥ ಊರಿನಲ್ಲಿ 24–25 ಡಿಗ್ರಿ. ಇನ್ನೂ ಕೆಳಗಿಳಿದರೆ ಪ್ರತಿ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಏರುತ್ತದೆ. ಸ್ಕ್ಯಾಂಡಿನೇವಿಯದ ಪುರಾತನ ಬಂಡೆಗಳಲ್ಲಿ ಈ ಏರಿಕೆ ಇನ್ನೂ ಕಡಿಮೆ.

ಹೊರಗೆ ಗಾಳಿ ಮೈನಸ್ 15 ಡಿಗ್ರಿಗೆ ಇಳಿದ ರಾತ್ರಿಯೂ ಬಂಡೆಯ ತಾಪಮಾನ ಬದಲಾಗುವುದಿಲ್ಲ. ಗಾಳಿಯಿಂದ ಶಾಖ ಹೀರುವ ಪಂಪ್ ಆ ರಾತ್ರಿ ಹೆಚ್ಚು ವಿದ್ಯುತ್ ತಿನ್ನುತ್ತದೆ, ಅದರ ಹೊರ ಘಟಕದ ಮೇಲೆ ಕಟ್ಟಿದ ಮಂಜನ್ನು ಆಗಾಗ ಕರಗಿಸಬೇಕಾಗುತ್ತದೆ. ಭೂಶಾಖ ಪಂಪಿಗೆ ಈ ಎರಡು ತೊಂದರೆಗಳೂ ಇಲ್ಲ.

ಕೆಲಸದ ತತ್ತ್ವ

ಮನೆಯ ಫ್ರಿಜ್ ಒಳಗಿನ ಶಾಖವನ್ನು ತೆಗೆದು ಹಿಂಬದಿಯ ಸುರುಳಿಯ ಮೂಲಕ ಅಡುಗೆಮನೆಗೆ ಬಿಡುತ್ತದೆ. ಭೂಶಾಖ ಪಂಪಿನಲ್ಲಿ ನಡೆಯುವುದೂ ಅದೇ ಚಕ್ರ. ಇಲ್ಲಿ ಶಾಖ ಕಳೆದುಕೊಳ್ಳುವುದು ನೆಲ, ಪಡೆಯುವುದು ಮನೆ.

ಚಕ್ರಕ್ಕೆ ನಾಲ್ಕು ಹಂತ. ನೆಲದಿಂದ ಸುಮಾರು 3 ಡಿಗ್ರಿಯಲ್ಲಿ ಬಂದ ಶಾಖವಾಹಕ ಆವಿಕಾರಕವೆಂಬ ತಟ್ಟೆಗಳ ಪೆಟ್ಟಿಗೆಯೊಳಗೆ ಹಾದು, ತನ್ನ ಶಾಖವನ್ನು ಶೀತಕಕ್ಕೆ ಕೊಟ್ಟು, 0 ಡಿಗ್ರಿಯ ಹತ್ತಿರಕ್ಕೆ ತಣಿದು ನೆಲಕ್ಕೆ ಮರಳುತ್ತದೆ. ಶೀತಕ ಸೊನ್ನೆಗಿಂತ ಕಡಿಮೆ ತಾಪಮಾನದಲ್ಲೇ ಕುದಿಯುವ ವಸ್ತುವಾದ್ದರಿಂದ ಅಷ್ಟು ಶಾಖಕ್ಕೇ ಆವಿಯಾಗುತ್ತದೆ. ಎರಡನೇ ಹಂತದಲ್ಲಿ ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಒತ್ತಡ ಏರಿದಂತೆ ತಾಪಮಾನವೂ ಏರುತ್ತದೆ. ಮೂರನೆಯದಾಗಿ, ಬಿಸಿ ಆವಿ ಸಾಂದ್ರಕದಲ್ಲಿ ಮನೆಯ ನೀರಿಗೆ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಕೊನೆಗೆ ವಿಕಸನ ಕವಾಟ ಅದರ ಒತ್ತಡವನ್ನು ಥಟ್ಟನೆ ಇಳಿಸುತ್ತದೆ, ಶೀತಕ ತಣ್ಣಗಾಗಿ ಮೊದಲ ಹಂತಕ್ಕೆ ಮರಳುತ್ತದೆ.

ವಿದ್ಯುತ್ ಇಲ್ಲಿ ಶಾಖವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಶಾಖವನ್ನು ಸಾಗಿಸುವ ಕೆಲಸ ಮಾಡುತ್ತದೆ. ಕಾರ್ಯಗುಣಾಂಕ 4 ಎಂದರೆ, 1 ಯೂನಿಟ್ ವಿದ್ಯುತ್ ಖರ್ಚಾದಾಗ ನೆಲದಿಂದ 3 ಯೂನಿಟ್ ಸೇರಿ ಮನೆಗೆ 4 ಯೂನಿಟ್ ಶಾಖ ದಕ್ಕಿತು. ಕಾಯಿಲ್ ಹೀಟರಿನಲ್ಲಿ 1 ಯೂನಿಟ್ ವಿದ್ಯುತ್ತಿಗೆ ಸಿಗುವುದು 1 ಯೂನಿಟ್ ಶಾಖ ಮಾತ್ರ.

ಈ ಗುಣಾಂಕವನ್ನು ಮುಖ್ಯವಾಗಿ ನಿರ್ಧರಿಸುವುದು ತಾಪಮಾನದ ಅಂತರ, ಅಂದರೆ ನೆಲದಿಂದ ಬರುವ ದ್ರವಕ್ಕೂ ಕೋಣೆಗೆ ಹೋಗುವ ನೀರಿಗೂ ನಡುವೆ ಎಷ್ಟು ಡಿಗ್ರಿಯ ವ್ಯತ್ಯಾಸವಿದೆ ಎಂಬುದು. ಫ್ರೆಂಚ್ ಎಂಜಿನಿಯರ್ ಸಾದಿ ಕಾರ್ನೊ 1824ರಲ್ಲಿ ಇಟ್ಟ ತಳಹದಿಯ ಮೇಲೆ ಲೆಕ್ಕ ಹಾಕಿದರೆ, 0 ಡಿಗ್ರಿಯಿಂದ 35 ಡಿಗ್ರಿಗೆ ಶಾಖ ಎತ್ತುವ ಯಂತ್ರದ ಕಾರ್ಯಗುಣಾಂಕ 8.8ನ್ನು ಮೀರಲಾರದು. 55 ಡಿಗ್ರಿಗೆ ಎತ್ತಬೇಕಾದರೆ ಮಿತಿ 6ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಯ ಸುಮಾರು ಅರ್ಧದಷ್ಟನ್ನು ಮುಟ್ಟುತ್ತವೆ. ಹಾಗಾಗಿ ಒಂದೇ ಯಂತ್ರ ಒಂದು ಮನೆಯಲ್ಲಿ 4ಕ್ಕಿಂತ ಹೆಚ್ಚಿನ, ಇನ್ನೊಂದರಲ್ಲಿ 3ರ ಗುಣಾಂಕ ಕೊಡಬಲ್ಲದು. ಕೋಣೆಗೆ ಹೋಗುವ ನೀರಿನ ತಾಪಮಾನ ಒಂದು ಡಿಗ್ರಿ ಏರಿದರೆ ವಿದ್ಯುತ್ ಖರ್ಚು ಸರಿಸುಮಾರು ಶೇ 2ರಿಂದ 2.5ರಷ್ಟು ಏರುತ್ತದೆ.

ಇತಿಹಾಸ

ಯಂತ್ರದಿಂದ ಶಾಖವನ್ನು ತಗ್ಗಿನಿಂದ ಎತ್ತರಕ್ಕೆ ಏರಿಸಿ ಕಟ್ಟಡವನ್ನು ಬೆಚ್ಚಗಿಡಬಹುದು ಎಂಬುದನ್ನು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲಿ ಪ್ರತಿಪಾದಿಸಿದ. ಅದೇ ದಶಕದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟಿಂಗರ್ ಎಬೆನ್ಸೇ ಊರಿನ ಉಪ್ಪಿನ ಕಾರ್ಖಾನೆಯಲ್ಲಿ ಉಪ್ಪುನೀರನ್ನು ಬತ್ತಿಸಲು ಈ ತತ್ತ್ವದ ಯಂತ್ರವನ್ನು ಕಟ್ಟಿದ. ನೆಲವನ್ನೇ ಶಾಖಮೂಲವಾಗಿ ಬಳಸುವ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಹೈನ್‌ರಿಶ್ ಝೋಲಿ 1912ರಲ್ಲಿ ಪೇಟೆಂಟ್ ಕೋರಿದ. ಆಗ ಕಲ್ಲಿದ್ದಲು ಅಗ್ಗವಾಗಿತ್ತು, ಕಂಪ್ರೆಸರುಗಳು ಒರಟಾಗಿದ್ದವು. ವಿಚಾರ ಕಾಗದದಲ್ಲೇ ಉಳಿಯಿತು.

ಮೊದಲು ಬಳಕೆಗೆ ಬಂದದ್ದು ನೀರಿನಿಂದ ಶಾಖ ತೆಗೆಯುವ ಪಂಪುಗಳು. ಜ್ಯೂರಿಕ್ ಪುರಭವನದಲ್ಲಿ 1938ರಲ್ಲಿ ಹೂಡಿದ, ಲಿಮ್ಮಾಟ್ ನದಿಯ ನೀರನ್ನು ಬಳಸುವ ಪಂಪ್ 2001ರವರೆಗೂ ನಡೆಯಿತು. ಅಮೆರಿಕದ ಪೋರ್ಟ್‌ಲೆಂಡ್ ನಗರದ ಬಹುಮಹಡಿ ಕಾಮನ್‌ವೆಲ್ತ್ ಕಟ್ಟಡ 1948ರಲ್ಲಿ ಅಂತರ್ಜಲದ ಶಾಖವನ್ನು ಬಳಸಿಕೊಂಡಿತು. ಮಣ್ಣಿನಲ್ಲೇ ಕೊಳವೆ ಹೂತು ಮನೆ ಕಾಯಿಸಿದ ಮೊದಲ ದಾಖಲೆ ಅಮೆರಿಕದ ಇಂಡಿಯಾನಾಪೊಲಿಸ್‌ನದು. ರಾಬರ್ಟ್ ವೆಬರ್ 1940ರ ದಶಕದಲ್ಲಿ ತನ್ನ ಮನೆಯ ಪಕ್ಕದ ನೆಲದಲ್ಲಿ ಶೀತಕ ತುಂಬಿದ ತಾಮ್ರದ ಕೊಳವೆಗಳನ್ನು ಹೂತಿದ್ದ.

ಜರ್ಮನಿಯ ಕ್ಲೆಮೆನ್ಸ್ ವಾಟರ್‌ಕೊಟ್ಟೆ 1960ರ ದಶಕದ ಕೊನೆಯಲ್ಲಿ ತನ್ನ ಮನೆಗೆ ಅಡ್ಡ ಭೂಸುರುಳಿಯನ್ನೂ ನೆಲಹಾಸಿನಡಿ ಬಿಸಿನೀರಿನ ಕೊಳವೆಗಳನ್ನೂ ಜೋಡಿಸಿದ. ತಣ್ಣನೆಯ ಮೂಲಕ್ಕೆ ಕಡಿಮೆ ತಾಪಮಾನದ ಹಂಚಿಕೆಯನ್ನು ಹೊಂದಿಸಿದ ಈ ಜೋಡಿ ಮುಂದೆ ಯುರೋಪಿನ ಹೊಸ ಮನೆಗಳ ಸಾಮಾನ್ಯ ಪದ್ಧತಿಯಾಯಿತು.

1973ರ ತೈಲ ಬಿಕ್ಕಟ್ಟು ಪರಿಸ್ಥಿತಿಯನ್ನು ಬದಲಿಸಿತು. ಆಗ ಸ್ವೀಡನ್ನಿನ ಬಹುತೇಕ ಮನೆಗಳು ಎಣ್ಣೆ ಉರಿಸಿ ಬೆಚ್ಚಗಾಗುತ್ತಿದ್ದವು, ಎಣ್ಣೆಯೆಲ್ಲ ಆಮದು. ಜಲವಿದ್ಯುತ್ತೂ ಅಣುವಿದ್ಯುತ್ತೂ ಹೇರಳವಿದ್ದ ಆ ದೇಶ ಪಂಪುಗಳತ್ತ ತಿರುಗಿತು. ಲುಂಡ್ ವಿಶ್ವವಿದ್ಯಾಲಯದಲ್ಲಿ ಯೊಹಾನ್ ಕ್ಲೇಸನ್ ಮತ್ತು ಪೇರ್ ಎಸ್ಕಿಲ್‌ಸನ್ ಶಾಖಬಾವಿಯ ಸುತ್ತ ಬಂಡೆ ಹೇಗೆ ತಣಿಯುತ್ತದೆ ಎಂಬುದರ ಗಣಿತವನ್ನು ಕಟ್ಟಿದರು. ಎಸ್ಕಿಲ್‌ಸನ್‌ನ 1987ರ ಪ್ರಬಂಧದ ವಿಧಾನ ಇಂದಿಗೂ ವಿನ್ಯಾಸ ತಂತ್ರಾಂಶಗಳ ತಳಹದಿ. ಅದೇ ವರ್ಷ ಅಮೆರಿಕದ ಓಕ್ಲಹೋಮ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಭೂಶಾಖ ಪಂಪ್ ಸಂಘ ಹುಟ್ಟಿತು.

ಬೆಳವಣಿಗೆ ನೇರ ದಾರಿಯದಾಗಿರಲಿಲ್ಲ. 1980ರ ದಶಕದ ನಡುವೆ ಎಣ್ಣೆಯ ಬೆಲೆ ಕುಸಿದಾಗ ಸ್ವೀಡನ್ನಿನ ಮಾರುಕಟ್ಟೆಯೂ ಕುಸಿಯಿತು. ಅವಸರದಲ್ಲಿ ಹೂಡಿದ ಕಳಪೆ ಯಂತ್ರಗಳಿಂದ ಪಂಪಿನ ಹೆಸರೂ ಕೆಟ್ಟಿತ್ತು. ಎಣ್ಣೆಯ ಮೇಲೆ 1991ರಲ್ಲಿ ಬಂದ ಇಂಗಾಲ ತೆರಿಗೆ ಮತ್ತು 1990ರ ದಶಕದ ನಡುವೆ ಸರ್ಕಾರಿ ಸಂಸ್ಥೆಯೊಂದು ಹೆಚ್ಚು ದಕ್ಷವೂ ಅಗ್ಗವೂ ಆದ ಪಂಪಿಗಾಗಿ ನಡೆಸಿದ ತಯಾರಕರ ಸ್ಪರ್ಧೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವು.

ರಚನೆ

ಭೂಸುರುಳಿ: ಹೆಚ್ಚು ಸಾಂದ್ರತೆಯ ಪಾಲಿಥೀನ್ ಕೊಳವೆಗಳಿಂದ ಮಾಡಿದ್ದು. ಸ್ವೀಡನ್ನಿನಲ್ಲಿ 40 ಮಿಲಿಮೀಟರ್ ವ್ಯಾಸದ ಕೊಳವೆ ರೂಢಿ. ಕೀಲುಗಳನ್ನು ಅಂಟಿಸದೆ ಕಾಯಿಸಿ ಬೆಸೆಯಲಾಗುತ್ತದೆ, ಏಕೆಂದರೆ ನೆಲದೊಳಗೆ ಹೋದ ಕೀಲನ್ನು ಮತ್ತೆ ಮುಟ್ಟುವಂತಿಲ್ಲ. ಒಳಗಿನ ಶಾಖವಾಹಕ ನೀರು ಮತ್ತು ಹೆಪ್ಪುತಡೆ ವಸ್ತುವಿನ ಮಿಶ್ರಣ. ಸ್ವೀಡನ್ನಿನಲ್ಲಿ ಎಥನಾಲ್, ಮಧ್ಯ ಯುರೋಪಿನಲ್ಲಿ ಗ್ಲೈಕಾಲ್ ಬಳಕೆ ಹೆಚ್ಚು.

ಯಂತ್ರ: ಮನೆಯ ನೆಲಮಾಳಿಗೆಯಲ್ಲೋ ಬಟ್ಟೆ ಒಗೆಯುವ ಕೋಣೆಯಲ್ಲೋ ನಿಲ್ಲುವ, ಫ್ರಿಜ್ ಗಾತ್ರದ ಪೆಟ್ಟಿಗೆ. ಕಂಪ್ರೆಸರ್, ಎರಡು ಶಾಖ ವಿನಿಮಯಕಗಳು, ಕವಾಟ, ದ್ರವ ಸುತ್ತಿಸುವ ಸಣ್ಣ ಪಂಪುಗಳು, ನಿಯಂತ್ರಕ ಎಲ್ಲವೂ ಇದರೊಳಗೆ ಇರುತ್ತವೆ. ಅನೇಕ ಮಾದರಿಗಳಲ್ಲಿ ಬಿಸಿನೀರಿನ ಟ್ಯಾಂಕ್ ಕೂಡ ಇದರಲ್ಲೇ ಸೇರಿರುತ್ತದೆ. ಹಳೆಯ ಯಂತ್ರಗಳ ಕಂಪ್ರೆಸರ್ ಒಂದೇ ವೇಗದಲ್ಲಿ ಓಡಿ ನಿಂತು ಮತ್ತೆ ಓಡುತ್ತಿತ್ತು. ಇನ್ವರ್ಟರ್ ಇರುವ ಹೊಸವು ಅಗತ್ಯಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುತ್ತವೆ.

ಹಂಚಿಕೆ ಜಾಲ: ನೆಲಹಾಸಿನಡಿಯ ಕೊಳವೆಗಳಿಗೆ 30ರಿಂದ 35 ಡಿಗ್ರಿಯ ನೀರು ಸಾಕು, ಕಾರಣ ಇಡೀ ನೆಲವೇ ಶಾಖ ಸೂಸುತ್ತದೆ. ಗೋಡೆಗೆ ತಾಗಿಸಿದ ಹಳೆಯ ರೇಡಿಯೇಟರುಗಳಿಗೆ 55 ಡಿಗ್ರಿ ಅಥವಾ ಇನ್ನೂ ಬಿಸಿಯಾದ ನೀರು ಬೇಕು. ಹಳೆಯ ಮನೆಯಲ್ಲಿ ಪಂಪ್ ಹೂಡುವ ಮೊದಲು ಕಿಟಕಿ ಸಂದುಗಳನ್ನು ಮುಚ್ಚುವುದು, ಚಾವಣಿಗೆ ಶಾಖನಿರೋಧಕ ಹಾಕುವುದು, ರೇಡಿಯೇಟರುಗಳನ್ನು ದೊಡ್ಡದು ಮಾಡುವುದು ರೂಢಿಯಾದದ್ದು ಇದರಿಂದಲೇ.

ವಿಧಗಳು

ಅಡ್ಡ ಭೂಸುರುಳಿ: ಒಂದರಿಂದ ಎರಡು ಮೀಟರ್ ಆಳದ ಕಂದಕಗಳಲ್ಲಿ ಕೊಳವೆ ಹಾಸಿ ಮಣ್ಣು ಮುಚ್ಚುವ ವಿಧಾನ. ಖರ್ಚು ಕಡಿಮೆ, ಜಾಗ ಹೆಚ್ಚು. ಜರ್ಮನ್ ಎಂಜಿನಿಯರಿಂಗ್ ಮಾರ್ಗಸೂಚಿಗಳ ಪ್ರಕಾರ ಒಣ ಮರಳಿನ ಒಂದು ಚದರ ಮೀಟರಿನಿಂದ ಸುಮಾರು 10 ವಾಟ್, ತೇವದ ಜೇಡಿಯಿಂದ 20ರಿಂದ 30, ನೀರು ತುಂಬಿದ ಮಣ್ಣಿನಿಂದ 40 ವಾಟ್‌ವರೆಗೆ ಶಾಖ ತೆಗೆಯಬಹುದು. ಜಾಗ ಉಳಿಸಲು ಕೊಳವೆಯನ್ನು ಒಂದರ ಮೇಲೊಂದು ಬೀಳುವ ಬಳೆಗಳಂತೆ ಸುತ್ತಿ ಹಾಸುವುದೂ ಉಂಟು.

ಶಾಖಬಾವಿ: ಸಾಮಾನ್ಯವಾಗಿ 100ರಿಂದ 250 ಮೀಟರ್ ಆಳದ ರಂಧ್ರದಲ್ಲಿ, ತಳದಲ್ಲಿ ತಿರುವಿರುವ ಕೊಳವೆಯನ್ನು ಇಳಿಸುವ ವಿಧಾನ. ಸಣ್ಣ ನಿವೇಶನಗಳಿಗೆ ಇದೇ ಗತಿ. ಬಂಡೆಯ ಗುಣಕ್ಕೆ ತಕ್ಕಂತೆ ಒಂದು ಮೀಟರ್ ಆಳಕ್ಕೆ 20ರಿಂದ 80 ವಾಟ್ ಸಿಗುತ್ತದೆ. ಸ್ವೀಡನ್ನಿನಲ್ಲಿ ಬಂಡೆಯ ಶಾಖವನ್ನು ಬರ್ಗ್‌ವರ್ಮೆ ಎಂದೂ ಮಣ್ಣಿನ ಶಾಖವನ್ನು ಯೂರ್ಡ್‌ವರ್ಮೆ ಎಂದೂ ಬೇರೆ ಬೇರೆಯಾಗಿ ಕರೆಯುತ್ತಾರೆ.

ತೆರೆದ ಸುತ್ತು: ಒಂದು ಬಾವಿಯಿಂದ ಅಂತರ್ಜಲವನ್ನೇ ಎತ್ತಿ, ಶಾಖ ತೆಗೆದು, ಇನ್ನೊಂದು ಬಾವಿಗೆ ಬಿಡುವ ಪದ್ಧತಿ. ಅಂತರ್ಜಲದ ತಾಪಮಾನ ಸ್ಥಿರವಾಗಿರುವುದರಿಂದ ದಕ್ಷತೆ ಹೆಚ್ಚು. ಆದರೆ ನೀರಿನಲ್ಲಿ ಕಬ್ಬಿಣ ಅಥವಾ ಸುಣ್ಣದ ಅಂಶವಿದ್ದರೆ ವಿನಿಮಯಕವೂ ಹಿಂತಿರುಗಿಸುವ ಬಾವಿಯೂ ಕಟ್ಟಿಕೊಳ್ಳುತ್ತವೆ. ಒಂದೇ ಆಳದ ಬಾವಿಯ ತಳದಿಂದ ನೀರೆತ್ತಿ ಮೇಲ್ಭಾಗಕ್ಕೆ ಬಿಡುವ ನಿಂತ ಬಾವಿ ಇದರ ಒಂದು ಒಳವಿಧ. ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ಗೆ 2017ರಲ್ಲಿ ಹೂಡಿದ ವ್ಯವಸ್ಥೆ ಈ ಬಗೆಯದು.

ಕೆರೆ ಸುರುಳಿ: ಕೆರೆ ಅಥವಾ ಸರೋವರದ ತಳದಲ್ಲಿ ತೂಕ ಕಟ್ಟಿದ ಕೊಳವೆ ಮುಳುಗಿಸುವ ವಿಧಾನ.

ಅಡಿಪಾಯ ಸುರುಳಿ: ಕಟ್ಟಡದ ಕಾಂಕ್ರೀಟ್ ಪೈಲುಗಳೊಳಗೇ ಕೊಳವೆ ಸೇರಿಸುವ ಪದ್ಧತಿ. ಆಸ್ಟ್ರಿಯಾದಲ್ಲಿ 1980ರ ದಶಕದಿಂದ ಬೆಳೆಯಿತು.

ನೇರ ಶೀತಕ ಸುರುಳಿ: ಶಾಖವಾಹಕದ ಮಧ್ಯಸ್ಥಿಕೆಯಿಲ್ಲದೆ ಶೀತಕವನ್ನೇ ತಾಮ್ರದ ಕೊಳವೆಯಲ್ಲಿ ನೆಲದೊಳಗೆ ಹರಿಸುವುದು. ದಕ್ಷತೆ ಹೆಚ್ಚಾದರೂ ಸೋರಿಕೆಯ ಭಯದಿಂದ ಬಳಕೆ ಕಡಿಮೆ.

ಶಾಖಬಾವಿ ಕೊರೆಯುವ ಕ್ರಮ

ಸ್ವೀಡನ್ನಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಬಳಸುವ ಕೊರೆತ ಕರ್ನಾಟಕದ ಬೋರ್‌ವೆಲ್ ಲಾರಿಗಳದ್ದೇ ಬಗೆಯದು. ಕಂಪ್ರೆಸರಿನ ಗಾಳಿಯ ಒತ್ತಡದಿಂದ ರಂಧ್ರದ ತಳದಲ್ಲೇ ಬಡಿಯುವ ಸುತ್ತಿಗೆ ಬಂಡೆಯನ್ನು ಪುಡಿಮಾಡುತ್ತದೆ, ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ದಕ್ಷಿಣ ಭಾರತದ ನೆಲದಡಿಯೂ ಬಹುಪಾಲು ಇಂಥದೇ ಗಟ್ಟಿ ಶಿಲೆಯಾದ್ದರಿಂದ ಎರಡೂ ಕಡೆ ಒಂದೇ ತಂತ್ರ ನೆಲೆಯೂರಿದೆ. ಕರ್ನಾಟಕದಲ್ಲಿ ಹುಡುಕುವುದು ನೀರನ್ನು. ಸ್ವೀಡನ್ನಿನಲ್ಲಿ ನೀರು ಸಿಕ್ಕರೆ ಅದು ಶಾಖ ದಾಟಿಸುವ ಮಾಧ್ಯಮ.

ಮೊದಲು ಮೇಲ್ಮಣ್ಣಿನ ಮೂಲಕ ಉಕ್ಕಿನ ಕೇಸಿಂಗ್ ಇಳಿಸಿ, ಅದನ್ನು ಗಟ್ಟಿ ಬಂಡೆಯೊಳಗೆ ಕೂರಿಸಿ ಸಂದು ಮುಚ್ಚುತ್ತಾರೆ. ಮೇಲಿನ ಕೊಳಕು ನೀರು ಬಾವಿಗೆ ಇಳಿಯದಿರಲೆಂದು ಈ ಕ್ರಮ. ಬಳಿಕ ಸುಮಾರು 115 ಮಿಲಿಮೀಟರ್ ಅಗಲದ ರಂಧ್ರವನ್ನು ಬೇಕಾದ ಆಳಕ್ಕೆ ಕೊರೆಯುತ್ತಾರೆ. ಕಲ್ಲಿನ ಪುಡಿ ಬೆರೆತ ಬೂದು ನೀರು ಹಿತ್ತಿಲಿನಲ್ಲಿ ಹರಡದಂತೆ ಕಬ್ಬಿಣದ ತೊಟ್ಟಿಗೆ ಬೀಳುವ ಏರ್ಪಾಡಿರುತ್ತದೆ. ಒಂದು ಮನೆಯ ಕೊರೆತ ಒಂದೆರಡು ದಿನದ ಕೆಲಸ. ಸುರುಳಿ ಸುತ್ತಿ ತಂದ ಕೊಳವೆಯನ್ನು, ತಳದ ತಿರುವಿಗೆ ತೂಕ ಕಟ್ಟಿ ಇಳಿಸುತ್ತಾರೆ.

ಮುಂದಿನ ಹೆಜ್ಜೆಯಲ್ಲಿ ದೇಶಗಳ ರೂಢಿ ಬೇರೆಯಾಗುತ್ತದೆ. ಸ್ಕ್ಯಾಂಡಿನೇವಿಯದಲ್ಲಿ ಕೊಳವೆಯ ಸುತ್ತಲಿನ ಜಾಗವನ್ನು ಅಂತರ್ಜಲ ತುಂಬಿಕೊಳ್ಳಲು ಬಿಡುತ್ತಾರೆ. ಪದರಪದರವಾದ ಮೃದು ಶಿಲೆಯಿರುವ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ, ಒಂದು ಜಲಪದರದ ನೀರು ಇನ್ನೊಂದಕ್ಕೆ ಇಳಿಯದಂತೆ, ಬೆಂಟೊನೈಟ್ ಜೇಡಿ ಮತ್ತು ಸಿಮೆಂಟಿನ ಗಾರೆಯನ್ನು ತಳದಿಂದ ಮೇಲಕ್ಕೆ ತುಂಬುತ್ತಾರೆ.

ಅಳತೆ ಮತ್ತು ವಿನ್ಯಾಸ

ಒಂದು ಮನೆಗೆ ವರ್ಷಕ್ಕೆ 20,000 ಯೂನಿಟ್ ಶಾಖ ಬೇಕು ಎಂದುಕೊಂಡರೆ, ವಾರ್ಷಿಕ ಕಾರ್ಯಗುಣಾಂಕ 4 ಇರುವ ವ್ಯವಸ್ಥೆ 5,000 ಯೂನಿಟ್ ವಿದ್ಯುತ್ ಬಳಸಿ ಉಳಿದ 15,000 ಯೂನಿಟ್ ಶಾಖವನ್ನು ನೆಲದಿಂದ ತರುತ್ತದೆ. ಅಂಥ ಮನೆಗೆ 8 ಕಿಲೋವಾಟ್‌ನ ಯಂತ್ರ ಹಾಕಿದರೆ, ಅದು ಓಡುವಾಗ ನೆಲದಿಂದ 6 ಕಿಲೋವಾಟ್ ಎಳೆಯುತ್ತದೆ. ಮೀಟರಿಗೆ 40 ವಾಟ್ ಕೊಡುವ ಬಂಡೆಯಲ್ಲಿ 150 ಮೀಟರ್ ಆಳದ ಶಾಖಬಾವಿ ಬೇಕು. ಚದರ ಮೀಟರಿಗೆ 20 ವಾಟ್ ಕೊಡುವ ಮಣ್ಣಿನಲ್ಲಾದರೆ 300 ಚದರ ಮೀಟರ್ ಅಂಗಳ ಬೇಕು.

ಬಂಡೆಯ ಉಷ್ಣವಾಹಕತೆ ಈ ಲೆಕ್ಕದ ಮುಖ್ಯ ಅಂಶ. ಗ್ರಾನೈಟಿನದು ಒಣ ಮರಳಿನದಕ್ಕಿಂತ ಹಲವು ಪಟ್ಟು ಹೆಚ್ಚು. ದೊಡ್ಡ ಕಟ್ಟಡಗಳಿಗೆ ಅದನ್ನು ಸ್ಥಳದಲ್ಲೇ ಅಳೆಯುತ್ತಾರೆ: ಪರೀಕ್ಷಾ ಬಾವಿಯೊಂದಕ್ಕೆ ಎರಡು ಮೂರು ದಿನ ಒಂದೇ ಸಮ ಶಾಖ ಹರಿಸಿ, ದ್ರವದ ತಾಪಮಾನ ಏರುವ ಬಗೆಯನ್ನು ಗಮನಿಸುವ ಪರೀಕ್ಷೆ ಇದು. ಸ್ವೀಡನ್ನಿನ ಪಾಲ್ನೆ ಮೊಗೆನ್ಸನ್ 1983ರಲ್ಲಿ ಸೂಚಿಸಿದ ಈ ವಿಧಾನಕ್ಕೆ ಗಾಡಿಯ ಮೇಲೆ ಸಾಗಿಸುವ ಉಪಕರಣಗಳು 1990ರ ದಶಕದಲ್ಲಿ ಸ್ವೀಡನ್ ಮತ್ತು ಅಮೆರಿಕ ಎರಡೂ ಕಡೆ ಸಿದ್ಧವಾದವು.

ಬಾವಿ ಗಿಡ್ಡವಾದರೆ ಚಳಿಗಾಲದಿಂದ ಚಳಿಗಾಲಕ್ಕೆ ಬಂಡೆ ತಣಿಯುತ್ತ ಹೋಗಿ, ತಾಪಮಾನದ ಅಂತರ ಹಿಗ್ಗಿ, ವಿದ್ಯುತ್ ಬಿಲ್ ಏರುತ್ತದೆ. ಸರಿಯಾಗಿ ಅಳೆದ ಬಾವಿಯ ನಡತೆ ಬೇರೆ. ಜ್ಯೂರಿಕ್ ಬಳಿಯ ಎಲ್ಗ್ ಊರಿನ ಒಂದು ಮನೆಯ 105 ಮೀಟರ್ ಆಳದ ಶಾಖಬಾವಿಯನ್ನು 1986ರಿಂದ ದೀರ್ಘಕಾಲ ಅಳೆಯಲಾಯಿತು. ಲಾಡಿಸ್ಲಾಸ್ ರೈಬಾಕ್ ಮತ್ತು ಸಂಗಡಿಗರ ಈ ಅಧ್ಯಯನದಲ್ಲಿ ಮೊದಲ ಕೆಲವು ವರ್ಷ ಬಾವಿಯ ಸುತ್ತಲಿನ ನೆಲ ಒಂದೆರಡು ಡಿಗ್ರಿ ತಣಿಯಿತು. ಬಳಿಕ ಇಳಿಕೆ ನಿಧಾನವಾಗಿ, ತಾಪಮಾನ ಹೊಸ ಮಟ್ಟವೊಂದರಲ್ಲಿ ನಿಂತಿತು. ಪಂಪನ್ನು ನಿಲ್ಲಿಸಿದರೆ ನೆಲ ಮೊದಲಿನ ಸ್ಥಿತಿಗೆ ಮರಳಲು, ಅದನ್ನು ಬಳಸಿದಷ್ಟೇ ಕಾಲ ಬೇಕಾಗುತ್ತದೆ ಎಂದು ಲೆಕ್ಕಗಳು ತೋರಿಸಿದವು.

ಅಕ್ಕಪಕ್ಕದ ಬಾವಿಗಳು ಒಂದರ ಶಾಖವನ್ನು ಇನ್ನೊಂದು ಕಸಿಯದಂತೆ ಸ್ವೀಡನ್ನಿನಲ್ಲಿ ಕನಿಷ್ಠ 20 ಮೀಟರ್ ದೂರ ಇಡುವ ರೂಢಿಯಿದೆ. ಕೊರೆಯುವ ಮುನ್ನ ನಗರಸಭೆಗೆ ತಿಳಿಸಬೇಕು. ಕೊರೆದ ಬಾವಿಯ ವಿವರ ದೇಶದ ಭೂವೈಜ್ಞಾನಿಕ ಇಲಾಖೆಯ ಬಾವಿ ದಾಖಲೆಗೆ ಸೇರುತ್ತದೆ.

ಬಳಕೆ

ಮನೆ ಕಾಯಿಸುವುದು ಇದರ ಮುಖ್ಯ ಬಳಕೆ. ಸ್ನಾನದ ನೀರೂ ಇದರಿಂದಲೇ ಕಾಯುತ್ತದೆ. ಆದರೆ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಟ್ಯಾಂಕಿನ ನೀರನ್ನು ಆಗಾಗ 60 ಡಿಗ್ರಿಗೆ ಏರಿಸಬೇಕಾಗುವುದರಿಂದ ಆ ಹೊತ್ತಿನಲ್ಲಿ ಕಾರ್ಯಗುಣಾಂಕ ತಗ್ಗುತ್ತದೆ. ಬೇಸಿಗೆಯಲ್ಲಿ ಕಂಪ್ರೆಸರನ್ನು ಓಡಿಸದೆ, ತಣ್ಣನೆಯ ಶಾಖವಾಹಕವನ್ನಷ್ಟೇ ಸುತ್ತಿಸಿ ಕೋಣೆಗಳನ್ನು ತಂಪಾಗಿಡಬಹುದು. ಹಾಗೆ ನೆಲಕ್ಕೆ ಇಳಿದ ಶಾಖ ಮುಂದಿನ ಚಳಿಗಾಲಕ್ಕೆ ಒದಗುತ್ತದೆ.

ಅತಿ ಚಳಿಯ ಕೆಲವೇ ದಿನಗಳಿಗಾಗಿ ದೊಡ್ಡ ಯಂತ್ರ ಹಾಕುವುದು ದುಬಾರಿ. ಸ್ವೀಡನ್ನಿನಲ್ಲಿ ಬಹುಕಾಲ ಗರಿಷ್ಠ ಬೇಡಿಕೆಯ ಶೇ 60–70ರಷ್ಟು ಸಾಮರ್ಥ್ಯದ ಪಂಪ್ ಹಾಕುವುದು ರೂಢಿಯಾಗಿತ್ತು. ಅಷ್ಟರಿಂದಲೇ ವರ್ಷದ ಶಾಖದ ಶೇ 90ಕ್ಕೂ ಹೆಚ್ಚು ಪಾಲು ನೀಗುತ್ತದೆ, ಉಳಿದದ್ದನ್ನು ಯಂತ್ರದೊಳಗಿನ ವಿದ್ಯುತ್ ಕಾಯಿಲ್ ತುಂಬಿಕೊಡುತ್ತದೆ.

ದೊಡ್ಡ ಪ್ರಮಾಣದ ಬಳಕೆಗೆ ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಹೆಸರಾಂತ ಉದಾಹರಣೆ. ಅಲ್ಲಿ 2009ರಲ್ಲಿ ಆರಂಭವಾದ ಯೋಜನೆಗೆ ಸುಮಾರು 3,600 ಶಾಖಬಾವಿಗಳು. ಆವರಣದ ಹಳೆಯ ಕಲ್ಲಿದ್ದಲು ಬಾಯ್ಲರುಗಳು ಇದರಿಂದ ಮೂಲೆ ಸೇರಿದವು. ನೆದರ್ಲೆಂಡ್ಸ್‌ನಲ್ಲಿ ಅಂತರ್ಜಲ ಪದರವನ್ನೇ ಬೇಸಿಗೆಯ ಶಾಖ ಮತ್ತು ಚಳಿಗಾಲದ ತಂಪಿನ ಉಗ್ರಾಣವಾಗಿ ಬಳಸುವ ವ್ಯವಸ್ಥೆಗಳು ಎರಡು ಸಾವಿರಕ್ಕೂ ಹೆಚ್ಚಿವೆ. ಅದೇ ದೇಶದ ಹೇರ್ಲೆನ್ ಪಟ್ಟಣದಲ್ಲಿ 2008ರಿಂದ, ಮುಚ್ಚಿದ ಕಲ್ಲಿದ್ದಲು ಗಣಿಗಳಲ್ಲಿ ನಿಂತ ನೀರು ಶಾಖಮೂಲವಾಗಿದೆ.

ಅನುಕೂಲ ಮತ್ತು ಮಿತಿ

ಹೊಗೆಯಿಲ್ಲ, ಹೊರಗೆ ಫ್ಯಾನಿನ ಸದ್ದಿಲ್ಲ, ಇಂಧನ ತುಂಬಿಸುವ ಕೆಲಸವಿಲ್ಲ. ಯಂತ್ರದ ಆಯಸ್ಸು ಸುಮಾರು 20 ವರ್ಷ. ಭೂಸುರುಳಿ 50 ವರ್ಷಕ್ಕೂ ಹೆಚ್ಚು ಬಾಳುವುದರಿಂದ ಯಂತ್ರವನ್ನಷ್ಟೇ ಬದಲಾಯಿಸಿದರೆ ಸಾಕಾಗುತ್ತದೆ. ಇಂಗಾಲದ ಲೆಕ್ಕ ವಿದ್ಯುತ್ತಿನ ಮೂಲವನ್ನು ಅವಲಂಬಿಸಿದೆ. ಒಂದು ಯೂನಿಟ್‌ಗೆ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಸೂಸುವ, ಕಲ್ಲಿದ್ದಲು ಹೆಚ್ಚಿರುವ ವಿದ್ಯುತ್ ಜಾಲದಲ್ಲೂ ಕಾರ್ಯಗುಣಾಂಕ 4ರ ಪಂಪ್ ಕೊಡುವ ಪ್ರತಿ ಯೂನಿಟ್ ಶಾಖದ ಪಾಲಿಗೆ 175 ಗ್ರಾಂ ಬರುತ್ತದೆ. ಗ್ಯಾಸ್ ಬಾಯ್ಲರಿನಲ್ಲಿ ಅದು 200 ಗ್ರಾಂ ದಾಟುತ್ತದೆ. ಜಲ ಮತ್ತು ಅಣುವಿದ್ಯುತ್ತಿನ ಸ್ವೀಡನ್ನಿನಲ್ಲಿ ಪಂಪಿನ ಪಾಲು ತೀರ ಅಲ್ಪ.

ಮೊದಲ ದೊಡ್ಡ ಅಡ್ಡಿ ಖರ್ಚು. ಕೊರೆತವೇ ಅದರ ಗಣನೀಯ ಪಾಲು. ಗಾಳಿಮೂಲದ ಪಂಪಿಗೆ ಅಗೆತವೂ ಇಲ್ಲ, ಕೊರೆತವೂ ಇಲ್ಲ. ಹೀಗಾಗಿ ಚಳಿ ಅಷ್ಟಾಗಿ ಇಲ್ಲದ ಪ್ರದೇಶಗಳಲ್ಲಿ ಅದೇ ಮುಂದಿದೆ. ಅಡ್ಡ ಭೂಸುರುಳಿಯಿಂದ ಮಿತಿಮೀರಿ ಶಾಖ ಎಳೆದರೆ ಸುತ್ತಲಿನ ಮಣ್ಣು ಹೆಪ್ಪುಗಟ್ಟಿ ಉಬ್ಬುತ್ತದೆ, ವಸಂತದಲ್ಲಿ ಆ ಜಾಗದ ಹುಲ್ಲು ತಡವಾಗಿ ಚಿಗುರುತ್ತದೆ.

ಶೀತಕಗಳದು ಇನ್ನೊಂದು ಸಮಸ್ಯೆ. ಬಹುಕಾಲ ಬಳಕೆಯಲ್ಲಿರುವ ಆರ್-410ಎ ಸೋರಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ತಾಪ ಹಿಡಿಯುತ್ತದೆ. ಅಂತರರಾಷ್ಟ್ರೀಯ ಒಪ್ಪಂದವೊಂದಕ್ಕೆ 2016ರಲ್ಲಿ ತಂದ ಕಿಗಾಲಿ ತಿದ್ದುಪಡಿ ಇಂಥವುಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸುತ್ತಿದೆ. ಐರೋಪ್ಯ ಒಕ್ಕೂಟ 2024ರಲ್ಲಿ ತನ್ನ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿತು. ಬದಲಿಗೆ ಬರುತ್ತಿರುವ ಆರ್-290 ಎಂದರೆ ಪ್ರೊಪೇನ್. ಅದು ಹೊತ್ತಿಕೊಳ್ಳುವ ಅನಿಲವಾದ್ದರಿಂದ ಯಂತ್ರದೊಳಗೆ ಅದರ ಪ್ರಮಾಣವನ್ನು ಕಡಿಮೆ ಇಟ್ಟು, ಸೋರಿಕೆಗೆ ಸುರಕ್ಷಿತ ದಾರಿ ಮಾಡಬೇಕಾಗುತ್ತದೆ.

ಭೂರಚನೆ ಅರಿಯದೆ ಕೊರೆದರೆ ಆಗುವ ಹಾನಿಗೆ ಜರ್ಮನಿಯ ಸ್ಟೌಫೆನ್ ಪಟ್ಟಣ ಸಾಕ್ಷಿ. ಅಲ್ಲಿನ ಪುರಭವನವನ್ನು ಕಾಯಿಸಲೆಂದು 2007ರಲ್ಲಿ ಸುಮಾರು 140 ಮೀಟರ್ ಆಳದ ಏಳು ಶಾಖಬಾವಿಗಳನ್ನು ಕೊರೆದರು. ಕೆಳಗೆ ಒಣ ಅನ್‌ಹೈಡ್ರೈಟ್ ಖನಿಜದ ಪದರವಿತ್ತು. ಬಾವಿಗಳ ಮೂಲಕ ಅಂತರ್ಜಲ ಆ ಪದರವನ್ನು ತಲುಪಿದಾಗ ಖನಿಜ ಜಿಪ್ಸಮ್ ಆಗಿ ಮಾರ್ಪಟ್ಟು ಹಿಗ್ಗತೊಡಗಿತು. ಹಳೆಯ ಪೇಟೆಯ ನೆಲ ಆರಂಭದಲ್ಲಿ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಮೇಲೆದ್ದಿತು. 250ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ರಂಧ್ರಗಳನ್ನು ಗಾರೆಯಿಂದ ಮುಚ್ಚಿ, ಅಂತರ್ಜಲವನ್ನು ಪಂಪ್ ಮಾಡಿ ತೆಗೆದ ಮೇಲೆ ಏರಿಕೆಯ ವೇಗ ತಗ್ಗಿತು. ಆ ಬಳಿಕ ಇಂಥ ಖನಿಜ ಪದರಗಳಿರುವ ಪ್ರದೇಶದಲ್ಲಿ ಕೊರೆತದ ನಿಯಮಗಳು ಬಿಗಿಯಾದವು.

ಇಂದಿನ ಸ್ಥಿತಿ

ಜಾನ್ ಲುಂಡ್ ಮತ್ತು ಅನಿಕೊ ಟೋತ್ 2020ರಲ್ಲಿ ಮಂಡಿಸಿದ ಜಾಗತಿಕ ಸಮೀಕ್ಷೆಯ ಪ್ರಕಾರ ಪ್ರಪಂಚದ ಭೂಶಾಖ ಪಂಪುಗಳ ಒಟ್ಟು ಸಾಮರ್ಥ್ಯ ಸುಮಾರು 77,500 ಮೆಗಾವಾಟ್. ಚೀನಾ, ಅಮೆರಿಕ, ಸ್ವೀಡನ್, ಜರ್ಮನಿ ಮತ್ತು ಫಿನ್ಲೆಂಡ್ ಮುಂಚೂಣಿಯಲ್ಲಿವೆ. ಜನಸಂಖ್ಯೆಗೆ ಹೋಲಿಸಿದರೆ ಸ್ವೀಡನ್ ಎಲ್ಲರಿಗಿಂತ ಮುಂದಿರುವ ದೇಶಗಳಲ್ಲಿ ಒಂದು. ಒಂದು ಕೋಟಿಯಷ್ಟು ಜನರಿರುವ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಭೂಶಾಖ ಪಂಪುಗಳಿವೆ.

ಸರ್ಕಾರಿ ನೆರವಿನ ಏರಿಳಿತದೊಂದಿಗೇ ಮಾರುಕಟ್ಟೆಯೂ ಏರಿಳಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಯ್ಲರ್ ಬದಲಿಸಿ ಭೂಶಾಖ ಪಂಪ್ ಹೂಡುವವರಿಗೆ 2023ರ ಅಕ್ಟೋಬರಿನಿಂದ 7,500 ಪೌಂಡ್ ನೆರವು ಸಿಗುವಂತಾಯಿತು. ಅಮೆರಿಕದಲ್ಲಿ ಮನೆಮಾಲೀಕರಿಗಿದ್ದ ಶೇ 30ರ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿಯಿತು.

ಖರ್ಚನ್ನು ಹಂಚಿಕೊಳ್ಳುವ ಬೀದಿ ಜಾಲಗಳು ಈಚಿನ ಬೆಳವಣಿಗೆ. ಪ್ರತಿ ಮನೆಯಲ್ಲೂ ಸಣ್ಣ ಪಂಪ್ ಇರುತ್ತದೆ, ಶಾಖಬಾವಿಗಳು ಮತ್ತು ಬೀದಿಯಡಿಯ ಕೊಳವೆ ಎಲ್ಲರಿಗೂ ಸೇರಿದ್ದು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸ್ಟಿಥಿಯನ್ಸ್ ಹಳ್ಳಿಯಲ್ಲಿ ಇಂಥ ಜಾಲವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಗ್ಯಾಸ್ ಪೂರೈಸುವ ಕಂಪನಿಯೇ ಕಟ್ಟಿದ ಜಾಲ 2024ರಲ್ಲಿ ಶುರುವಾಯಿತು.

ಭಾರತದ ಬಹುಭಾಗದಲ್ಲಿ ಬೇಕಿರುವುದು ತಂಪು. ದಕ್ಷಿಣದಲ್ಲಿ ನೆಲದ ತಾಪಮಾನವೇ 25 ಡಿಗ್ರಿಯ ಸುತ್ತಮುತ್ತ ಇರುವುದರಿಂದಲೂ, ವರ್ಷವಿಡೀ ಶಾಖವನ್ನು ನೆಲಕ್ಕೆ ಸುರಿಯುವುದೇ ಆಗಿ ಹಿಂದಕ್ಕೆ ತೆಗೆಯುವ ಚಳಿಗಾಲ ಇಲ್ಲದಿರುವುದರಿಂದಲೂ ಬಾವಿಯ ಸುತ್ತಲಿನ ಬಂಡೆ ಕ್ರಮೇಣ ಕಾಯುತ್ತದೆ, ಲಾಭ ತಗ್ಗುತ್ತದೆ. ಕರ್ನಾಟಕದ ಹೋಟೆಲು, ಹಾಸ್ಟೆಲುಗಳಲ್ಲಿ ನೀರು ಕಾಯಿಸಲು ಕಾಣಸಿಗುವ ಪಂಪುಗಳು ಸಾಮಾನ್ಯವಾಗಿ ಗಾಳಿಮೂಲದವು. ನೆಲದ ತಂಪನ್ನು ಕಂಪ್ರೆಸರ್ ಇಲ್ಲದೆ ಬಳಸುವ ಬೇರೊಂದು ಮಾದರಿ ಗುರುಗ್ರಾಮದ ಬಳಿ ಗ್ವಾಲ್ ಪಹಾಡಿಯಲ್ಲಿರುವ ಟೆರಿ ಸಂಸ್ಥೆಯ ತರಬೇತಿ ಕೇಂದ್ರದಲ್ಲಿದೆ. ಅಲ್ಲಿ ನೆಲದಡಿಯ ಸುರಂಗಗಳ ಮೂಲಕ ಗಾಳಿಯನ್ನು ಹಾಯಿಸಿ ಕೋಣೆಗಳಿಗೆ ಬಿಡುತ್ತಾರೆ. ಮನೆ ಕಾಯಿಸುವ ಅರ್ಥದಲ್ಲಿ ಭೂಶಾಖ ಪಂಪಿಗೆ ತಕ್ಕ ಹವೆ ಭಾರತದಲ್ಲಿ ಇರುವುದು ಲಡಾಖ್, ಕಾಶ್ಮೀರ ಮತ್ತು ಹಿಮಾಲಯದ ಎತ್ತರದ ಕಣಿವೆಗಳಲ್ಲಿ.